ಧೂಮಪಾನ ಬಿಡಿಸುವ ಪ್ರಯತ್ನಗಳು: ರಾಜಾಜ್ಞೆಯಿಂದ ವರ್ಚುವಲ್ ರಿಯಾಲಿಟಿಯವರೆಗೆ

ತಂಬಾಕು ನಮ್ಮ ದೇಶಕ್ಕೆ ಬಂದು ನಾಲ್ಕು ನೂರು ವರ್ಷಗಳು ಕಳೆದಿವೆ. ಅದನ್ನು ಬಿಡಿಸುವ ಪ್ರಯತ್ನಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಬಾದಶಹರು ಫರ್ಮಾನು ಹೊರಡಿಸಿದರು. ಉಲಮಾಗಳು ಫತ್ವಾ ನೀಡಿದರು. ವೈದ್ಯರು ಅಂಕಿ ಅಂಶಗಳನ್ನು ಮುಂದಿಟ್ಟು ಎಚ್ಚರಿಸಿದರು. ಔಷಧ ತಯಾರಕರು ಜಗಿಯುವ ಗಮ್ಮನ್ನೂ ಚರ್ಮಕ್ಕೆ ಅಂಟಿಸುವ ಪಟ್ಟಿಯನ್ನೂ ಮಾಡಿದರು. ಈ ಸಾಲಿನಲ್ಲಿ ತೀರಾ ಈಚಿನದು ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಯಂತ್ರ. ಅದರ ಹೆಸರು ವರ್ಚುವಲ್ ರಿಯಾಲಿಟಿ. ಕನ್ನಡದಲ್ಲಿ ಇದನ್ನು ಭಾಸವಾಸ್ತವ ಎನ್ನಬಹುದು. ಮಕ್ಕಳು ಆಟವಾಡುವ ಈ ಕನ್ನಡಕದಿಂದ ದೊಡ್ಡವರ ಸಿಗರೇಟು ಬಿಡಿಸಬಹುದೇ ಎಂಬ ಪರೀಕ್ಷೆ ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ನಡೆದಿದೆ.

ಮೊದಲ ನೋಟಕ್ಕೆ ಇದು ವಿಚಿತ್ರವೆನಿಸಬಹುದು. ಆದರೆ ಇದರ ಹಿಂದೆ ಒಂದು ಹಳೆಯ ಪ್ರಶ್ನೆಯಿದೆ. ಸೇದುವವನನ್ನು ಸಿಗರೇಟಿಗೆ ಕಟ್ಟಿಹಾಕಿರುವುದು ಯಾವುದು? ಒಂದೊಂದು ಕಾಲ ಇದಕ್ಕೆ ಒಂದೊಂದು ಉತ್ತರ ಕೊಟ್ಟಿದೆ. ಅವಿಧೇಯತೆ ಎಂದರು ಅರಸರು. ಅಜ್ಞಾನ ಎಂದರು ವೈದ್ಯರು. ರಕ್ತದಲ್ಲಿರುವ ನಿಕೋಟಿನ್ ಎಂದರು ರಸಾಯನ ತಜ್ಞರು. ಸೇದುವ ಜಾಗ, ಸೇದುವ ಹೊತ್ತು, ಜೊತೆಗಾರರು ಎಂದರು ಮನಃಶಾಸ್ತ್ರಜ್ಞರು. ಈ ನಾಲ್ಕು ಉತ್ತರಗಳ ಇತಿಹಾಸವನ್ನು ಅರಿತರೆ ಕನ್ನಡಕದ ಚಿಕಿತ್ಸೆಯ ಮರ್ಮ ತಾನಾಗಿ ತಿಳಿಯುತ್ತದೆ. ಯಂತ್ರ ಇಲ್ಲದವರಿಗೂ ಅದರಿಂದ ಒಂದು ಪಾಠ ದೊರೆಯುತ್ತದೆ.

ಬಿಜಾಪುರದಿಂದ ಅಕ್ಬರನ ದರ್ಬಾರಿಗೆ

ಈ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಕರ್ನಾಟಕದ ನೆಲದಲ್ಲೇ ಆರಂಭವಾಗುತ್ತದೆ. ತಂಬಾಕು ಅಮೆರಿಕ ಖಂಡದ ಸಸ್ಯ. ಪೋರ್ಚುಗೀಸರ ಹಡಗುಗಳ ಮೂಲಕ ಅದು ಭಾರತದ ಪಶ್ಚಿಮ ಕರಾವಳಿಗೆ ಬಂದಿತು, ಅಲ್ಲಿಂದ ದಖ್ಖನಿನ ಒಳನಾಡಿಗೆ ಹಬ್ಬಿತು. 1603-04ರ ಸುಮಾರಿಗೆ ಅಕ್ಬರ್ ಬಾದಶಹನ ಅಧಿಕಾರಿ ಅಸದ್ ಬೇಗ್ ಎಂಬಾತ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂದಿದ್ದ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ಶಹಜಾದಾ ದಾನಿಯಾಲನಿಗೆ ಮದುವೆ ಮಾಡಿಕೊಡುವ ಕಾರ್ಯ ಅವನಿಗೆ ಒಪ್ಪಿಸಲಾಗಿತ್ತು. ಅಲ್ಲಿ ಅವನು ಮೊದಲ ಸಲ ತಂಬಾಕನ್ನು ಕಂಡ. ಉತ್ತರ ಹಿಂದೂಸ್ತಾನದಲ್ಲಿ ತಾನು ಇಂಥದ್ದನ್ನು ನೋಡಿಯೇ ಇರಲಿಲ್ಲವೆಂದು ತನ್ನ ಪಾರ್ಸಿ ವೃತ್ತಾಂತದಲ್ಲಿ ಬರೆದಿದ್ದಾನೆ. ಒಂದಿಷ್ಟು ತಂಬಾಕು ಕೊಂಡು, ರತ್ನ ಕೂರಿಸಿದ ಕೊಳವೆಯೊಂದನ್ನು ಸಿದ್ಧಪಡಿಸಿ, ಅದಕ್ಕೆ ಯಮನಿನ ಅಕೀಕ್ ಕಲ್ಲಿನ ಬಾಯಿತುದಿ ಹಾಕಿಸಿ ಬಾದಶಹನಿಗೆ ನಜರಾನೆಯಾಗಿ ಒಪ್ಪಿಸಿದ.

ಅಕ್ಬರ್ ಕುತೂಹಲದಿಂದ ಒಂದೆರಡು ಸಲ ಸೇದಿದ. ಕೂಡಲೇ ಆಸ್ಥಾನದ ಹಕೀಮರು ಅಡ್ಡಬಂದರು. ನಮ್ಮ ವೈದ್ಯರು ಪರೀಕ್ಷಿಸದ, ಗ್ರಂಥಗಳಲ್ಲಿ ಉಲ್ಲೇಖವಿಲ್ಲದ ವಸ್ತುವನ್ನು ಹುಜೂರರು ಸೇವಿಸಬಾರದು ಎಂಬುದು ಅವರ ವಾದ. ಪ್ರತಿಯೊಂದು ರೂಢಿಯೂ ಒಂದು ಕಾಲದಲ್ಲಿ ಹೊಸದೇ ಆಗಿತ್ತು ಎಂಬುದು ಅಸದ್ ಬೇಗನ ಪ್ರತಿವಾದ. ಅಕ್ಬರ್ ಮುಂದೆ ಸೇದಲಿಲ್ಲ. ಆದರೆ ಅಮೀರರು ಬಿಡಲಿಲ್ಲ. ಒಬ್ಬರನ್ನು ನೋಡಿ ಒಬ್ಬರು ಕೇಳಿ ಪಡೆದರು, ವರ್ತಕರು ತರಿಸಿ ಮಾರತೊಡಗಿದರು, ಚಟ ಹಬ್ಬಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಅಮೀರರಿಗೆ ತಂಬಾಕಿನ ಅಗತ್ಯ ಮೊದಲೇನೂ ಇರಲಿಲ್ಲ. ದರ್ಬಾರಿನಲ್ಲಿ ಎಲ್ಲರ ಕೈಯಲ್ಲಿ ಕೊಳವೆ ಕಂಡದ್ದೇ ಸಾಕಾಯಿತು.

ಫರ್ಮಾನುಗಳ ಕಾಲ

ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ತಂಬಾಕು ಸೇವನೆಯನ್ನು ನಿಷೇಧಿಸಿದ. ಇದರಿಂದ ಶರೀರಕ್ಕೂ ಮನಸ್ಸಿಗೂ ಕೇಡು ಎಂಬುದು ಅವನ ಕಾರಣ. ಇರಾನಿನ ಶಾಹ್ ಅಬ್ಬಾಸನೂ ತನ್ನ ರಾಜ್ಯದಲ್ಲಿ ಹಾಗೆಯೇ ಆಜ್ಞೆ ಮಾಡಿದ್ದ. ಅವನ ಆಸ್ಥಾನಕ್ಕೆ ಜಹಾಂಗೀರ್ ಕಳುಹಿಸಿದ ರಾಯಭಾರಿ ಖಾನ್ ಆಲಂ ತಂಬಾಕಿಲ್ಲದೆ ಒಂದು ಗಳಿಗೆಯೂ ಇರಲಾರದವನು. ಈ ಸಂಗತಿಯನ್ನು ಶಾಹನಿಗೆ ಅರಿಕೆ ಮಾಡಿದಾಗ ಅವನು ಕವಿತೆಯ ರೂಪದಲ್ಲೇ ಅನುಮತಿ ಕೊಟ್ಟನೆಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಇಬ್ಬರು ಬಾದಶಹರ ಆಜ್ಞೆಯನ್ನು ಒಬ್ಬ ಚಟಗಾರನ ತಲಬು ಸೋಲಿಸಿತು.

ಉಸ್ಮಾನಿ ಸುಲ್ತಾನ ನಾಲ್ಕನೆಯ ಮುರಾದನ ಕ್ರಮ ಇನ್ನೂ ಕಠಿಣವಾಗಿತ್ತು. 1633ರಲ್ಲಿ ಇಸ್ತಾಂಬುಲಿನಲ್ಲಿ ದೊಡ್ಡ ಬೆಂಕಿ ಅನಾಹುತವಾದ ಬಳಿಕ ಅವನು ತಂಬಾಕನ್ನು ನಿಷೇಧಿಸಿದ, ಕಾಫಿಖಾನೆಗಳನ್ನು ಮುಚ್ಚಿಸಿದ, ಸಿಕ್ಕಿಬಿದ್ದವರಿಗೆ ಮರಣದಂಡನೆ ವಿಧಿಸಿದ. ಆ ಕಾಲದ ವಿದ್ವಾಂಸ ಕಾತಿಬ್ ಚಲಬಿ 1656ರಲ್ಲಿ ಬರೆದ ಗ್ರಂಥದಲ್ಲಿ ಈ ಕಾಲವನ್ನು ನೆನಪಿಸಿಕೊಂಡಿದ್ದಾನೆ. ಸುಲ್ತಾನನ ಕಾಠಿಣ್ಯ ಹೆಚ್ಚಿದಷ್ಟೂ ಜನರ ಸೇದುವ ಆಸೆ ಹೆಚ್ಚಿತು, ತಲೆ ಹೋಗುವ ಭಯವಿದ್ದರೂ ಸೈನಿಕರು ತೋಳಿನೊಳಗೆ ಪುಟ್ಟ ಕೊಳವೆ ಬಚ್ಚಿಟ್ಟುಕೊಂಡು ಸಂದು ಸಿಕ್ಕಾಗ ಸೇದಿದರು ಎಂಬುದು ಅವನ ಬರಹದ ತಾತ್ಪರ್ಯ. ಶಿಕ್ಷೆಯ ಭಯ ಕೈಯನ್ನು ತಡೆದೀತು, ಬಯಕೆಯನ್ನು ತಡೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಘಟನೆಯೂ ಇತಿಹಾಸದಲ್ಲಿದೆ. 1890ರಲ್ಲಿ ಇರಾನಿನ ನಾಸಿರುದ್ದೀನ್ ಶಾಹ್ ದೇಶದ ಇಡೀ ತಂಬಾಕು ವ್ಯಾಪಾರವನ್ನು 50 ವರ್ಷಗಳ ಮಟ್ಟಿಗೆ ಬ್ರಿಟಿಷ್ ಮೇಜರ್ ಟಾಲ್ಬಟ್‌ಗೆ ಬರೆದುಕೊಟ್ಟ. ಜನ ಸಿಡಿದೆದ್ದರು. 1891ರ ಡಿಸೆಂಬರಿನಲ್ಲಿ ಸಾಮರ್ರಾದ ಮುಜ್ತಹಿದ್ ಮಿರ್ಜಾ ಹಸನ್ ಶೀರಾಜಿಯವರ ಹೆಸರಿನಲ್ಲಿ, ತಂಬಾಕು ಸೇವಿಸಬಾರದೆಂಬ ಫತ್ವಾ ಹೊರಟಿತು. ಊರೂರುಗಳಲ್ಲಿ ಹುಕ್ಕಾಗಳು ಮೂಲೆ ಸೇರಿದವು, ಅಂಗಡಿಗಳು ಮುಚ್ಚಿದವು. ಶಾಹನ ಅರಮನೆಯ ಜನಾನಾದಲ್ಲಿಯೂ ಹುಕ್ಕಾ ನಿಂತುಹೋಯಿತು. 1892ರ ಜನವರಿಯಲ್ಲಿ ಶಾಹ್ ಒಪ್ಪಂದವನ್ನು ರದ್ದು ಮಾಡಬೇಕಾಯಿತು.

ಸುಲ್ತಾನನ ಕತ್ತಿಯಿಂದ ಆಗದ್ದು ಇಲ್ಲಿ ಹೇಗೆ ಆಯಿತು? ಈಮಾನಿನ ಬಲವಿತ್ತು, ಪರದೇಶಿಯರ ಮೇಲಿನ ಕೋಪವೂ ಇತ್ತು, ನಿಜ. ಅದರ ಜೊತೆಗೆ ಇನ್ನೊಂದು ಕಾರಣವನ್ನೂ ಕಾಣಬಹುದು. ಎಲ್ಲರೂ ಒಟ್ಟಿಗೆ ಬಿಟ್ಟರು. ಬಜಾರಿನಲ್ಲಿ, ಮನೆಯಲ್ಲಿ, ಗೆಳೆಯರ ಕೂಟದಲ್ಲಿ ಹುಕ್ಕಾ ಕಣ್ಣಿಗೆ ಬೀಳಲಿಲ್ಲ, ಹೊಗೆಯ ವಾಸನೆ ಮೂಗಿಗೆ ಬಡಿಯಲಿಲ್ಲ. ನಿಷೇಧ ತೆರವಾದ ಮೇಲೆ ಹುಕ್ಕಾ ಮತ್ತೆ ಅಂಗಳಕ್ಕೆ ಬಂದಿತು, ಸೇದುವವರೂ ಮರಳಿದರು. ಸುತ್ತಲಿನ ಜಗತ್ತು ಬದಲಾದರೆ ಬಿಡುವುದು ಸಾಧ್ಯ, ಅದು ಹಳೆಯ ರೂಪಕ್ಕೆ ಮರಳಿದರೆ ಚಟವೂ ಮರಳುತ್ತದೆ ಎಂದು ಈ ಪ್ರಸಂಗವನ್ನು ಓದಿಕೊಳ್ಳಬಹುದು. ಇದನ್ನು ನೆನಪಿನಲ್ಲಿಡೋಣ, ಮುಂದೆ ಬೇಕಾಗುತ್ತದೆ.

ವೈದ್ಯರ ಎಚ್ಚರಿಕೆ

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದಿಂದ ತಯಾರಾದ ಅಗ್ಗದ ಸಿಗರೇಟು ಜಗತ್ತನ್ನೆಲ್ಲ ಆವರಿಸಿತು. 1950ರಲ್ಲಿ ಲಂಡನ್ನಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರ್ಯಾಡ್‌ಫರ್ಡ್ ಹಿಲ್ ಎಂಬ ವಿಜ್ಞಾನಿಗಳು ಆಸ್ಪತ್ರೆಯ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟನ್ನು ಪ್ರಕಟಿಸಿದರು. ಫಲಿತಾಂಶ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನ ಮುಗಿಯುವ ಮೊದಲೇ ಸ್ವತಃ ಡಾಲ್ ಸಿಗರೇಟು ಬಿಟ್ಟರು. ಆಮೇಲೆ ಅವರು 1951ರಿಂದ ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷಗಳ ಕಾಲ ಹಿಂಬಾಲಿಸಿ ಅಭ್ಯಸಿಸಿದರು. 2004ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಬದುಕಿನುದ್ದಕ್ಕೂ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸಾಯುತ್ತಾರೆ. 60ನೆಯ ವಯಸ್ಸಿನಲ್ಲಿ ಬಿಟ್ಟರೆ ಸುಮಾರು 3 ವರ್ಷ, 50ರಲ್ಲಿ 6 ವರ್ಷ, 40ರಲ್ಲಿ 9 ವರ್ಷ, 30ರಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಪೂರ್ತಿ 10 ವರ್ಷ ಆಯುಷ್ಯ ಮರಳಿ ದೊರೆಯುತ್ತದೆ. ಈ ಲೆಕ್ಕವನ್ನು ಮನೆಮನೆಗೆ ತಿಳಿಸಬೇಕು. ಎಷ್ಟೇ ವಯಸ್ಸಾಗಿರಲಿ, ಬಿಟ್ಟದ್ದರ ಫಲ ಇದ್ದೇ ಇದೆ.

ಆದರೆ ತಿಳಿವಳಿಕೆಯೊಂದೇ ಸಾಲಲಿಲ್ಲ. ಪೊಟ್ಟಣದ ಮೇಲೆ ಎಚ್ಚರಿಕೆ ಓದಿ, ಚಿತ್ರ ನೋಡಿ, ಅದೇ ಪೊಟ್ಟಣದಿಂದ ಸಿಗರೇಟು ತೆಗೆದು ಹಚ್ಚುವವರು ನಮ್ಮ ಸುತ್ತಲೇ ಇದ್ದಾರೆ. ಅವರು ಅನಕ್ಷರಸ್ಥರೂ ಅಲ್ಲ, ಮೂರ್ಖರೂ ಅಲ್ಲ. ಹಾಗಾದರೆ ಅವರನ್ನು ಹಿಡಿದಿರುವುದು ಏನು?

ನಿಕೋಟಿನ್ ಎಂಬ ಉತ್ತರ

ಈ ಪ್ರಶ್ನೆಗೆ ಒಂದು ಉತ್ತರ ಸ್ವೀಡನ್ನಿನ ಜಲಾಂತರ್ಗಾಮಿಯಿಂದ ಬಂದಿತು. ನೀರಿನೊಳಗಿನ ಆ ನೌಕೆಯಲ್ಲಿ ಸೇದುವಂತಿಲ್ಲ. 1960ರ ದಶಕದಲ್ಲಿ ಅಲ್ಲಿನ ನಾವಿಕರು ಸಿಗರೇಟಿನ ಬದಲು ಬಾಯಲ್ಲಿ ತಂಬಾಕು ಇಟ್ಟುಕೊಂಡು ದಿನ ಕಳೆಯುವುದನ್ನು ಕ್ಲಾಸ್ ಲುಂಡ್‌ಗ್ರೆನ್ ಎಂಬ ಸಂಶೋಧಕ ಗಮನಿಸಿದರು. ಶರೀರ ಬೇಡುತ್ತಿರುವುದು ಹೊಗೆಯನ್ನಲ್ಲ, ನಿಕೋಟಿನ್ ಎಂಬ ರಾಸಾಯನಿಕವನ್ನು ಎಂದು ತಿಳಿದು 1967ರಲ್ಲಿ ತಮ್ಮ ಪರಿಚಿತ ಔಷಧ ವಿಜ್ಞಾನಿ ಓವೆ ಫೆರ್ನೋ ಅವರಿಗೆ ಬರೆದರು. ಫೆರ್ನೋ ವರ್ಷಗಟ್ಟಲೆ ದುಡಿದು ನಿಕೋಟಿನ್ ಬೆರೆಸಿದ ಗಮ್ ತಯಾರಿಸಿದರು. ಅದು 1978ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ, 1984ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಚರ್ಮದ ಪಟ್ಟಿ, ಗುಳಿಗೆಗಳು ಅನಂತರ ಬಂದವು.

ಇದು ದೊಡ್ಡ ಉಪಕಾರವೇ ಸರಿ. ನಿಕೋಟಿನ್ ಗಮ್ ಅಥವಾ ಪಟ್ಟಿ ಬಳಸಿದವರಲ್ಲಿ ಬಿಡುವ ಸಂಭವ ಸುಮಾರು ಒಂದೂವರೆ ಪಟ್ಟು ಹೆಚ್ಚುತ್ತದೆಂದು ನೂರಕ್ಕೂ ಹೆಚ್ಚು ಪರೀಕ್ಷೆಗಳಿಂದ ಕಂಡುಬಂದಿದೆ. ಆದರೂ ಇದನ್ನು ಬಳಸಿದವರಲ್ಲಿ ಬಹುಪಾಲು ಜನ ವರ್ಷದೊಳಗೆ ಮತ್ತೆ ಸೇದತೊಡಗುತ್ತಾರೆ. ನಿಕೋಟಿನ್ ಕೊರತೆಯಿಂದ ಆಗುವ ಸಿಡಿಮಿಡಿ, ನಿದ್ದೆಗೇಡು ಕೆಲವು ವಾರಗಳಲ್ಲಿ ಇಳಿದುಹೋಗುತ್ತವೆ. ಆದರೆ ಆರು ತಿಂಗಳಾದ ಮೇಲೂ ಚಹಾದಂಗಡಿಯ ಮುಂದೆ ನಿಂತಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ರಕ್ತದಲ್ಲಿ ನಿಕೋಟಿನ್ ಇಲ್ಲವೇ ಇಲ್ಲ, ಮತ್ತೆ ಈ ಕೈಯನ್ನು ಎಳೆಯುತ್ತಿರುವುದು ಯಾರು?

ಜಾಗಕ್ಕೂ ನೆನಪಿದೆ

ರಷ್ಯಾದ ಇವಾನ್ ಪಾವ್ಲೋವ್ ಅವರ ಹೆಸರನ್ನು ಬಿ.ಇಡಿ. ಓದಿದವರೆಲ್ಲ ಬಲ್ಲರು. ನಾಯಿಗೆ ಊಟ ಕೊಡುವ ಮೊದಲು ಪ್ರತಿಸಲ ಒಂದು ಸದ್ದು ಕೇಳಿಸಿದರೆ, ಮುಂದೆ ಸದ್ದು ಕೇಳಿದಷ್ಟಕ್ಕೇ ಅದರ ಬಾಯಲ್ಲಿ ನೀರೂರುತ್ತದೆ ಎಂದು ಅವರು ತೋರಿಸಿದರು. 1948ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಆಸ್ಪತ್ರೆಯ ವೈದ್ಯ ಅಬ್ರಹಾಂ ವಿಕ್ಲರ್ ಇದೇ ತತ್ವವನ್ನು ಚಟಕ್ಕೆ ಅನ್ವಯಿಸಿದರು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಅಮಲು ಬಿಟ್ಟು ಗುಣವಾದವರು ತಮ್ಮ ಹಳೆಯ ಬೀದಿಗೆ ಮರಳಿದೊಡನೆ ಮತ್ತೆ ಚಡಪಡಿಸುತ್ತಿದ್ದರು. ಆ ಬೀದಿಯೇ ಅವರ ಪಾಲಿಗೆ ಪಾವ್ಲೋವ್ ಅವರ ಸದ್ದಾಗಿತ್ತು.

ಇದಕ್ಕೆ ದೊಡ್ಡ ಪುರಾವೆ ವಿಯೆಟ್ನಾಂ ಯುದ್ಧದಿಂದ ದೊರೆಯಿತು. ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್ನಿನಂಥ ಅಮಲಿಗೆ ದಾಸರಾಗಿದ್ದರು. ಇವರೆಲ್ಲ ಊರಿಗೆ ಬಂದರೆ ಗತಿಯೇನೆಂದು ಸರ್ಕಾರ ಹೆದರಿತು. 1971ರಲ್ಲಿ ಮರಳಿದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿ ನೋಡಿದಾಗ ಆಶ್ಚರ್ಯ ಕಾದಿತ್ತು. ಅಲ್ಲಿ ದಾಸರಾಗಿದ್ದವರ ಪೈಕಿ ಮೊದಲ ವರ್ಷದಲ್ಲಿ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಯುದ್ಧಭೂಮಿಯ ಬೇಸರ, ಭಯ, ಜೊತೆಗಾರರು, ಸುಲಭವಾಗಿ ಸಿಗುವ ಸರಕು, ಎಲ್ಲವೂ ಸಾವಿರಾರು ಮೈಲಿ ದೂರ ಉಳಿದಿದ್ದವು.

ಹಾಗಾದರೆ ಸೇದುವವನನ್ನು ಬೇರೆ ಊರಿಗೆ ಕಳುಹಿಸಿದರೆ ಸಾಕೇ? ಎಲ್ಲರಿಗೂ ಅದು ಸಾಧ್ಯವಿಲ್ಲ. ಎರಡನೆಯ ದಾರಿಯೆಂದರೆ, ಸಿಗರೇಟಿನ ಸುಳಿವು ಕಾಣುತ್ತಿರುವಾಗಲೇ ಸೇದದೆ ಕೂರುವ ಅಭ್ಯಾಸ ಮಾಡಿಸುವುದು. ಸದ್ದು ಕೇಳಿಸಿ ಊಟ ಕೊಡದಿದ್ದರೆ ಪಾವ್ಲೋವ್ ಅವರ ನಾಯಿಯ ಬಾಯಲ್ಲಿ ನೀರೂರುವುದು ಕ್ರಮೇಣ ನಿಲ್ಲುತ್ತದೆ. ಹಾಗೆಯೇ ಬೂದಿಪಾತ್ರೆ, ಲೈಟರು, ಸಿಗರೇಟಿನ ಚಿತ್ರಗಳನ್ನು ತೋರಿಸಿ ರೋಗಿಗಳಿಗೆ ತರಬೇತಿ ಕೊಟ್ಟು ನೋಡಿದರು. ಫಲ ಅಷ್ಟಕ್ಕಷ್ಟೇ. ಏಕೆಂಬುದನ್ನು ಅಮೆರಿಕದ ಮಾರ್ಕ್ ಬೌಟನ್ ಅವರು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ವಿವರಿಸಿದವು. ಹಳೆಯ ಕಲಿಕೆ ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಕಲಿಕೆ ಬಂದು ಕೂರುತ್ತದೆ. ಆ ಹೊಸ ಕಲಿಕೆ ಯಾವ ಕೋಣೆಯಲ್ಲಿ ನಡೆಯಿತೋ ಅಲ್ಲಿಗೇ ಅಂಟಿಕೊಂಡಿರುತ್ತದೆ. ಡಾಕ್ಟರ ಕೋಣೆಯಲ್ಲಿ ಕಲಿತದ್ದು ಡಾಕ್ಟರ ಕೋಣೆಗೇ ಸೀಮಿತ, ಚಹಾದಂಗಡಿಯಲ್ಲಿ ಹಳೆಯ ಪಾಠವೇ ತಲೆಯೆತ್ತುತ್ತದೆ. ನಮ್ಮ ವಿದ್ಯಾರ್ಥಿಗಳೂ ತರಗತಿಯಲ್ಲಿ ಸರಿಯಾಗಿ ಹೇಳಿದ ಉತ್ತರವನ್ನು ಪರೀಕ್ಷಾ ಕೋಣೆಯಲ್ಲಿ ಮರೆಯುವುದಿಲ್ಲವೇ!

ಹೀಗಾಗಿ ವೈದ್ಯರ ಮುಂದೆ ಒಂದು ಒಗಟು ನಿಂತಿತು. ರೋಗಿ ಸೇದುವ ಜಾಗದಲ್ಲೇ ಪಾಠ ನಡೆಯಬೇಕು. ಆದರೆ ಹೋಟೆಲು, ಮದುವೆ ಮನೆ, ಬಸ್ ನಿಲ್ದಾಣಗಳನ್ನು ಆಸ್ಪತ್ರೆಯೊಳಗೆ ತರುವುದು ಹೇಗೆ?

ಕನ್ನಡಕದೊಳಗಿನ ಲೋಕ

ಇದಕ್ಕೆ ಬೇಕಾದ ಯಂತ್ರ ಬೇರೆಯೇ ದಾರಿಯಲ್ಲಿ ತಯಾರಾಗುತ್ತಿತ್ತು. 1968ರಲ್ಲಿ ಅಮೆರಿಕದ ಐವಾನ್ ಸದರ್‌ಲೆಂಡ್ ತಲೆಗೆ ತೊಡುವ ಕಂಪ್ಯೂಟರ್ ಪರದೆಯೊಂದನ್ನು ಮಾಡಿದರು. ಅದು ಎಷ್ಟು ಭಾರವಾಗಿತ್ತೆಂದರೆ ಸೂರಿನಿಂದ ತೂಗುಹಾಕಬೇಕಿತ್ತು. ತಲೆ ತಿರುಗಿಸಿದಂತೆ ಚಿತ್ರವೂ ತಿರುಗುವುದು ಅದರ ವಿಶೇಷ. 1980ರ ದಶಕದಲ್ಲಿ ಜೆರಾನ್ ಲೇನಿಯರ್ ಅವರ ಕಂಪನಿ ಇಂಥ ಕನ್ನಡಕ ಮತ್ತು ಕೈಗವಸುಗಳನ್ನು ಮಾರಿತು, ವರ್ಚುವಲ್ ರಿಯಾಲಿಟಿ ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಕನ್ನಡಕ ತೊಟ್ಟವನಿಗೆ ಎದುರಿನ ಕೋಣೆ ಕಾಣದು. ಕಂಪ್ಯೂಟರ್ ಬರೆದ ಕೋಣೆ ಸುತ್ತಲೂ ಕಾಣುತ್ತದೆ. ಅದು ಸುಳ್ಳೆಂದು ಬುದ್ಧಿಗೆ ಗೊತ್ತು, ಆದರೂ ಎದೆ ಬಡಿತ ಏರುತ್ತದೆ.

ಈ ಗುಣವನ್ನೇ ಚಿಕಿತ್ಸೆಗೆ ಬಳಸಬಹುದೆಂದು ಅಟ್ಲಾಂಟಾದ ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಎತ್ತರಕ್ಕೆ ಹೆದರುವ ವಿದ್ಯಾರ್ಥಿಗಳನ್ನು ಅವರು ಭಾಸಲೋಕದ ಸೇತುವೆ, ಮಹಡಿ, ಗಾಜಿನ ಲಿಫ್ಟುಗಳಲ್ಲಿ ನಿಲ್ಲಿಸಿದರು. ಅವರ ಭಯ ಇಳಿಯಿತು. ಭಯಕ್ಕೆ ಸಲ್ಲುವುದು ಬಯಕೆಗೂ ಸಲ್ಲಬಹುದಲ್ಲವೇ ಎಂದು ಕೆಲವರು ಯೋಚಿಸಿದರು. 2003ರಲ್ಲಿ ದಕ್ಷಿಣ ಕೊರಿಯಾದ ಜಾಂಗ್-ಹಾನ್ ಲೀ ಮತ್ತು ಸಂಗಡಿಗರು ಭಾಸಲೋಕದ ಬಾರ್ ಒಂದನ್ನು ಕಟ್ಟಿದರು. ಮೇಜಿನ ಮೇಲೆ ಗ್ಲಾಸು, ಸಿಗರೇಟಿನ ಪೊಟ್ಟಣ, ಬೂದಿಪಾತ್ರೆ, ಎದುರಿಗೆ ಸೇದುತ್ತಿರುವ ವ್ಯಕ್ತಿ. ಬರೀ ಚಿತ್ರ ನೋಡಿದಾಗಿಗಿಂತ ಇಲ್ಲಿ ಸೇದುವ ಬಯಕೆ ಹೆಚ್ಚಾಗಿ ಕೆರಳಿತು. ಅದೇ ವರ್ಷಗಳಲ್ಲಿ ಅಮೆರಿಕದ ಪ್ಯಾಟ್ರಿಕ್ ಬೋರ್ಡ್‌ನಿಕ್ ಅವರೂ ಇದನ್ನೇ ಕಂಡರು. ಸಿಗರೇಟಿನ ಸುಳಿವಿಲ್ಲದ ಭಾಸಕೋಣೆಯಲ್ಲಿ ಸುಮ್ಮನಿದ್ದವರಿಗೆ, ಜನ ಸೇದುತ್ತಿರುವ ಪಾರ್ಟಿಯ ಕೋಣೆಗೆ ಕಾಲಿಟ್ಟೊಡನೆ ತಲಬು ಏರಿತು.

ಬಯಕೆ ಕೆರಳಿಸುವುದು ಗುರಿಯಲ್ಲ, ಪಾಠದ ಆರಂಭ ಅಷ್ಟೇ. ತಲಬು ಏರಿದ ಆ ಗಳಿಗೆಯಲ್ಲೇ ಪಕ್ಕದಲ್ಲಿರುವ ಚಿಕಿತ್ಸಕರು ರೋಗಿಗೆ ಉಪಾಯ ಕಲಿಸುತ್ತಾರೆ. ಗೆಳೆಯ ಸಿಗರೇಟು ಚಾಚಿದರೆ ಹೇಗೆ ಬೇಡವೆನ್ನುವುದು, ಎಲ್ಲಿಗೆ ಎದ್ದುಹೋಗುವುದು, ಉಸಿರನ್ನು ಹೇಗೆ ನಿಧಾನವಾಗಿ ಬಿಡುವುದು ಎಂದು ಅಭ್ಯಾಸ ಮಾಡಿಸುತ್ತಾರೆ. ಬೋರ್ಡ್‌ನಿಕ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಕೋಟಿನ್ ಬದಲಿ ಔಷಧದ ಜೊತೆ ಈ ತರಬೇತಿ ಪಡೆದವರಿಗೆ ಬರೀ ಔಷಧ ಪಡೆದವರಿಗಿಂತ ಬಯಕೆ ಕಡಿಮೆಯಾಗಿತ್ತು, ತಡೆದುಕೊಳ್ಳಬಲ್ಲೆನೆಂಬ ಧೈರ್ಯ ಹೆಚ್ಚಿತ್ತು.

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 2009ರಲ್ಲಿ ಪ್ರಕಟವಾದ ಪ್ರಯೋಗ ಇನ್ನೊಂದು ಬಗೆಯದು. 12 ವಾರಗಳ ಧೂಮಪಾನ ಬಿಡಿಸುವ ಕಾರ್ಯಕ್ರಮಕ್ಕೆ ಸೇರಿದ 91 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಭಾಸಲೋಕದಲ್ಲಿ ಓಡಾಡಿ ಸಿಗರೇಟುಗಳನ್ನು ಹುಡುಕಿ ಕೈಯಿಂದ ಹಿಸುಕಿ ನುಚ್ಚುಮಾಡಬೇಕು. ಇನ್ನೊಂದು ಗುಂಪು ಸಿಗರೇಟಿನ ಬದಲು ಚೆಂಡುಗಳನ್ನು ಹಿಡಿಯಬೇಕು. ವಾರಕ್ಕೊಂದರಂತೆ ನಾಲ್ಕು ಸಲ ಈ ಕೆಲಸ. 12ನೆಯ ವಾರದಲ್ಲಿ ಸಿಗರೇಟು ಹಿಸುಕಿದವರಲ್ಲಿ ಶೇ. 15ರಷ್ಟು ಜನ ಬಿಟ್ಟಿದ್ದರು, ಚೆಂಡು ಹಿಡಿದವರಲ್ಲಿ ಶೇ. 2 ಮಾತ್ರ. ಬಿಟ್ಟದ್ದು ನಿಜವೇ ಎಂಬುದನ್ನು ಉಸಿರಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಳೆದು ಖಚಿತಪಡಿಸಿಕೊಂಡಿದ್ದರು. ಆರು ತಿಂಗಳ ಬಳಿಕ ವಿಚಾರಿಸಿದಾಗ, ಹಿಂದಿನ ವಾರ ಸೇದಿಲ್ಲವೆಂದವರು ಮೊದಲ ಗುಂಪಿನಲ್ಲಿ ಶೇ. 39, ಎರಡನೆಯದರಲ್ಲಿ ಶೇ. 20. ಮೊದಲ ಗುಂಪಿನವರು ಕಾರ್ಯಕ್ರಮದಲ್ಲಿ ಹೆಚ್ಚು ಕಾಲ ಉಳಿದುಕೊಂಡರು ಎಂಬುದೂ ಇದಕ್ಕೆ ಕಾರಣವಾಗಿರಬಹುದೆಂದು ಸಂಶೋಧಕರೇ ಬರೆದಿದ್ದಾರೆ.

ಹಾಗೆಂದು ಕನ್ನಡಕವನ್ನು ಮಂತ್ರದಂಡವೆಂದು ತಿಳಿಯಬಾರದು. ಸ್ಪೇನಿನ ಸಂಶೋಧಕರು ಮನೆಯ ಊಟ, ಕೆಫೆಯ ಕಾಫಿ, ಬಾರಿನಂಥ ಹಲವು ಭಾಸಸ್ಥಳಗಳನ್ನು ಕಟ್ಟಿ, ರೂಢಿಯ ಮನಶ್ಚಿಕಿತ್ಸೆಗೆ ಜೋಡಿಸಿ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ, ಕನ್ನಡಕ ಸೇರಿಸಿದ್ದರಿಂದ ಬಿಟ್ಟವರ ಸಂಖ್ಯೆಯೇನೂ ಹೆಚ್ಚಲಿಲ್ಲ. ಅರ್ಜೆಂಟೀನಾದಲ್ಲಿ ಮೊಬೈಲ್ ಫೋನನ್ನೇ ಕನ್ನಡಕದಲ್ಲಿಟ್ಟು ಮನೆಯಲ್ಲಿ ಬಳಸುವ ಅಗ್ಗದ ವಿಧಾನವೊಂದರ ಪರೀಕ್ಷೆ 2020ರಲ್ಲಿ ಪ್ರಕಟವಾಯಿತು. ನಡೆದಿರುವ ಪ್ರಯೋಗಗಳು ಬಹುಮಟ್ಟಿಗೆ ಚಿಕ್ಕವು. ಔಷಧಗಳಿಗೆ ಇರುವಷ್ಟು ಪುರಾವೆ ಇದಕ್ಕಿನ್ನೂ ಇಲ್ಲ. ಆದ್ದರಿಂದ ಇದು ಔಷಧ ಮತ್ತು ಸಲಹೆಗೆ ಪೂರಕವಾದೀತೇ ಹೊರತು ಬದಲಿಯಲ್ಲ.

ನಮಗೆ ಇದರಿಂದ ಏನು?

ಭಾರತದಲ್ಲಿ 2016-17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ. 10.7. ಸಿಗರೇಟಿಗಿಂತ ಬೀಡಿ ಸೇದುವವರೇ ಹೆಚ್ಚು. ಬೀಡಿ ಸೇದುವ ಹಮಾಲಿಗೆ, ಗ್ಯಾರೇಜಿನ ಮೇಸ್ತ್ರಿಗೆ ಕಂಪ್ಯೂಟರ್ ಕನ್ನಡಕ ಎಲ್ಲಿಂದ ಬರಬೇಕು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ಕನ್ನಡಕ ಕಲಿಸಿದ ಪಾಠಕ್ಕೆ ಹಣ ಕೊಡಬೇಕಾಗಿಲ್ಲ. ಬಿಡಬೇಕೆನ್ನುವವನು ಮೊದಲು ತನ್ನ ದಿನಚರಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಯಾವ ಹೊತ್ತು, ಯಾವ ಜಾಗ, ಯಾರ ಜೊತೆ, ಯಾವ ಮನಃಸ್ಥಿತಿಯಲ್ಲಿ ಬೀಡಿ ಹಚ್ಚುತ್ತೇನೆ? ಚಹಾದ ಜೊತೆಗಾದರೆ ಕೆಲವು ದಿನ ಚಹಾವನ್ನು ಮನೆಯಲ್ಲೇ ಕುಡಿಯಲಿ. ಕೆಲಸದ ವಿರಾಮದಲ್ಲಾದರೆ ವಿರಾಮದ ಜಾಗ ಬದಲಿಸಲಿ. ಗೆಳೆಯ ಬೀಡಿ ಚಾಚಿದರೆ ಹೇಳಬೇಕಾದ ಮಾತನ್ನು ಮೊದಲೇ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿಕೊಳ್ಳಲಿ. ಭಾಸಲೋಕದಲ್ಲಿ ನಡೆಯುವುದೂ ಇಂಥದೇ ಅಭ್ಯಾಸ.

ನಮಗೆ ಅಲ್ಲಾಹನು ವರ್ಷಕ್ಕೊಮ್ಮೆ ಒಂದು ದೊಡ್ಡ ಅವಕಾಶವನ್ನು ಕೊಟ್ಟಿದ್ದಾನೆ. ರಮಜಾನಿನಲ್ಲಿ ಸಹರಿಯಿಂದ ಇಫ್ತಾರಿನವರೆಗೆ ಸುಮಾರು ಹದಿಮೂರು ಹದಿನಾಲ್ಕು ಗಂಟೆ ಸೇದದೆ ಇರುವವನು, ನನ್ನಿಂದ ಬಿಡಲಾಗದು ಎನ್ನುವುದು ಸರಿಯೇ? ಹಗಲೆಲ್ಲ ಅವನಿಗೆ ನಿಯ್ಯತ್ತಿನ ಬಲವಿದೆ. ಅದರ ಜೊತೆಗೆ ಮನೆಯವರೆಲ್ಲ ಉಪವಾಸ, ಪರಿಚಿತ ಹೋಟೆಲು ಮುಚ್ಚಿದೆ, ಗೆಳೆಯರೂ ರೋಜಾದಲ್ಲಿದ್ದಾರೆ. 1891ರ ಇರಾನಿನಂತೆ ಸುತ್ತಲಿನ ಲೋಕವೇ ಬದಲಾಗಿದೆ. ಇಫ್ತಾರ್ ಆದ ಅರ್ಧ ಗಂಟೆಯಲ್ಲಿ ಹಳೆಯ ಜಾಗ, ಹಳೆಯ ಕೂಟ ಮರಳುತ್ತದೆ, ಬೀಡಿಯೂ ಮರಳುತ್ತದೆ. ಸೋಲುವುದು ಆ ಅರ್ಧ ಗಂಟೆಯಲ್ಲಿ. ಆ ಹೊತ್ತನ್ನು ಕಾಯ್ದುಕೊಂಡರೆ, ಇಫ್ತಾರಿನಿಂದ ತರಾವೀಹ್‌ವರೆಗೆ ಮಕ್ಕಳ ಜೊತೆ, ಸೇದದವರ ಜೊತೆ ಕಳೆದರೆ, ಈದಿನ ಚಂದ್ರ ಕಾಣುವಷ್ಟರಲ್ಲಿ ಹೊಸ ಅಭ್ಯಾಸ ಬೇರೂರತೊಡಗುತ್ತದೆ. ಈದಿನ ಸಂಭ್ರಮದ ಕೂಟ ಅದರ ಮೊದಲ ಪರೀಕ್ಷೆ. ಅದಕ್ಕೂ ಮೊದಲೇ ತಯಾರಾಗಿರಬೇಕು.

ಮನೆಯವರಿಗೂ ಒಂದು ಮಾತು. ಬಿಟ್ಟು ಮತ್ತೆ ಹಿಡಿದವರನ್ನು ಈಮಾನಿಲ್ಲದವನೆಂದು, ಹೇಡಿಯೆಂದು ಹಂಗಿಸಬೇಡಿ. ಇತಿಹಾಸ ಹೇಳುವಂತೆ ಸುಲ್ತಾನನ ಕತ್ತಿಗೂ ಬಗ್ಗದ ಚಟ ಹಂಗಿಸಿದರೆ ಬಗ್ಗದು. ಅಬ್ಬಾ, ಚಾಚಾ, ಅಣ್ಣ ಯಾರೇ ಆಗಿರಲಿ, ಅವರನ್ನು ಹಳೆಯ ಜಾಗದಿಂದ ಮೆಲ್ಲನೆ ಬೇರೆಡೆಗೆ ಕರೆದೊಯ್ಯಿರಿ. ಮನೆಯಲ್ಲಿ ಬೂದಿಪಾತ್ರೆ ಇಡಬೇಡಿ. ಬೀಡಿ ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸಬೇಡಿ. ನೆರವು ಬೇಕೆನಿಸಿದರೆ ಸರ್ಕಾರದ ಉಚಿತ ದೂರವಾಣಿ ಸೇವೆ 1800-11-2356 ಇದೆ. 2018ರಿಂದ ಈ ಸಂಖ್ಯೆಯನ್ನು ತಂಬಾಕು ಪೊಟ್ಟಣಗಳ ಮೇಲೆಯೇ ಅಚ್ಚು ಹಾಕಲಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೂ ಸಲಹೆ ದೊರೆಯುತ್ತದೆ.

ಶಾಲೆಗಳ ಹೊಣೆಯೂ ಇದೆ. 2003ರ ತಂಬಾಕು ನಿಯಂತ್ರಣ ಕಾಯಿದೆಯಂತೆ ವಿದ್ಯಾಸಂಸ್ಥೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ದೇಶದಾದ್ಯಂತ ನಿಷೇಧಿಸಲಾಯಿತು. ಮೇಲಿನ ಇತಿಹಾಸವನ್ನು ಓದಿದವರಿಗೆ ಈ ಕಾನೂನುಗಳ ಮರ್ಮ ತಿಳಿಯುತ್ತದೆ. ಇವು ಮುರಾದನ ಫರ್ಮಾನಿನಂತೆ ಮನುಷ್ಯನ ಮೇಲೆ ಹೊರಟವಲ್ಲ, ಜಾಗವನ್ನು ಶುದ್ಧಗೊಳಿಸಲು ಹೊರಟವು. ಶಾಲೆಯ ಗೇಟಿನ ಎದುರಿನ ಅಂಗಡಿಯಲ್ಲಿ ನೇತಾಡುವ ಪೊಟ್ಟಣದ ಮಾಲೆ ಇಂದಿನ ಬಾಲಕನ ಕಣ್ಣಿನಲ್ಲಿ ನಾಳಿನ ಸುಳಿವಾಗಿ ಕೂರುತ್ತದೆ. ನಮ್ಮ ಸಂಘದ ಸದಸ್ಯರು ತಮ್ಮ ತಮ್ಮ ಮೊಹಲ್ಲಾದ ಶಾಲೆಯ ಸುತ್ತ 100 ಗಜ ನಡೆದು ನೋಡಲಿ. ಅಂಗಡಿಯವರೂ ನಮ್ಮವರೇ, ಪ್ರೀತಿಯಿಂದ ಹೇಳಿದರೆ ಕೇಳುವವರು ಇದ್ದೇ ಇರುತ್ತಾರೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಶಬ್ದದ ವಿಚಾರ. ಸೇದಬೇಕೆಂಬ ತೀವ್ರ ಬಯಕೆಗೆ ಉರ್ದುವಿನಲ್ಲಿ ತಲಬ್ ಎನ್ನುತ್ತೇವೆ, ಕನ್ನಡದ ಆಡುಮಾತಿನಲ್ಲೂ ತಲಬು ಎಂಬ ರೂಪದಲ್ಲಿ ಅದು ಬಳಕೆಯಲ್ಲಿದೆ. ಅರಬಿಯ ಈ ಶಬ್ದಕ್ಕೆ ಹುಡುಕು, ಬೇಡು ಎಂಬ ಅರ್ಥ. ಇದೇ ಧಾತುವಿನಿಂದ ಬಂದದ್ದು ತಾಲಿಬೆ ಇಲ್ಮ್, ಅಂದರೆ ವಿದ್ಯೆಯನ್ನು ಹುಡುಕುವವನು, ವಿದ್ಯಾರ್ಥಿ. ಬಯಕೆ ಮನುಷ್ಯನಿಂದ ಹೋಗುವಂಥದಲ್ಲ. ಅದು ಯಾವ ಜಾಗದಲ್ಲಿ, ಯಾರ ಸಂಗಡ ಬೆಳೆಯುತ್ತದೆ ಎಂಬುದರ ಮೇಲೆ ಅದರ ಸ್ವರೂಪ ನಿಂತಿದೆ. ನಮ್ಮ ಮಕ್ಕಳ ತಲಬು ಪುಸ್ತಕದ ಕಡೆ ತಿರುಗುವಂಥ ಜಾಗಗಳನ್ನು ಕಟ್ಟುವುದು ಹಿರಿಯರಾದ ನಮ್ಮ ಕೆಲಸ. ಅಲ್ಲಾಹನು ನಮಗೆ ಅದರ ತೌಫೀಕ್ ನೀಡಲಿ. ಆಮೀನ್.